ಸೋಲುವ ಹುರಿಯಾಳಿಗೆ ಕೊಟ್ಟ ಮತ: ೧೯೬೪ರ ಅಮೆರಿಕದ ಅಧ್ಯಕ್ಷ ಚುನಾವಣೆ

‘ಸಂಪ್ರದಾಯವಾದಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಮಡಿ, ಮೈಲಿಗೆ, ಪಂಚಾಂಗಗಳ ಚಿತ್ರ. ಅಮೆರಿಕದ ರಾಜಕೀಯದಲ್ಲಿ ಈ ಮಾತಿನ ಅರ್ಥ ಬಹುಮಟ್ಟಿಗೆ ಬೇರೆ. ಅಲ್ಲಿ ತನ್ನನ್ನು ಸಂಪ್ರದಾಯವಾದಿ ಎಂದು ಕರೆದುಕೊಳ್ಳುವ ಮತದಾರನು ಮೊದಲು ಕೇಳುವ ಪ್ರಶ್ನೆ, ಸರ್ಕಾರದ ಕೈ ಎಷ್ಟು ಉದ್ದವಾಗಿರಬೇಕು ಎಂಬುದು. ಸಂವಿಧಾನವು ಬರೆದುಕೊಟ್ಟಷ್ಟು ಅಧಿಕಾರವನ್ನು ಮಾತ್ರ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ನಡೆಸಬೇಕು, ಮಿಕ್ಕದ್ದು ಸಂಸ್ಥಾನಗಳಿಗೆ, ಊರುಗಳಿಗೆ, ಸಂಸಾರಗಳಿಗೆ ಸೇರಿದ್ದು, ತೆರಿಗೆ ಹಗುರವಾಗಿರಬೇಕು, ಕಮ್ಯುನಿಸಮ್ಮಿನ ಎದುರು ದೇಶ ಬಾಗಬಾರದು: ಇವು ಅವನ ಮುಖ್ಯ ನಂಬಿಕೆಗಳು. ಚರ್ಚು, ಮನೆತನ, ನಡವಳಿಕೆಗಳ ಮೇಲಿನ ಶ್ರದ್ಧೆಯೂ ಇವುಗಳೊಡನೆ ಬೆರೆತಿರುವುದುಂಟು. ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ನೆಂಟನನ್ನು ಹುಡುಕುವುದಾದರೆ ೧೯೫೯ರಲ್ಲಿ ರಾಜಾಜಿಯವರು ಕಟ್ಟಿದ ಸ್ವತಂತ್ರ ಪಕ್ಷವನ್ನು ಹೆಸರಿಸಬೇಕು. ಪರ್ಮಿಟ್ಟು ಲೈಸೆನ್ಸುಗಳ ರಾಜ್ಯಭಾರವನ್ನು ಹಳಿದ ಆ ಪಕ್ಷ ೧೯೬೭ರಲ್ಲಿ ಲೋಕಸಭೆಯಲ್ಲಿ ೪೪ ಸ್ಥಾನಗಳವರೆಗೆ ಬೆಳೆದು, ಮುಂದೆ ಏಳೇ ವರ್ಷಗಳಲ್ಲಿ ಬೇರೊಂದು ಪಕ್ಷದಲ್ಲಿ ಲೀನವಾಯಿತು. ಅಮೆರಿಕದಲ್ಲಿ ಕಥೆ ಹಾಗೆ ಮುಗಿಯಲಿಲ್ಲ.

ಈ ಲೇಖನದ ವಿಷಯ ೧೯೬೪ರ ಅಮೆರಿಕದ ಅಧ್ಯಕ್ಷ ಚುನಾವಣೆ. ಅದನ್ನು ಗೆದ್ದವರ ಕಡೆಯಿಂದ ನೋಡದೆ, ಸೋತ ಹುರಿಯಾಳಿಗೆ ಮತ ಕೊಟ್ಟ ಒಬ್ಬ ಸಾಮಾನ್ಯ ಸಂಪ್ರದಾಯವಾದಿ ಮತದಾರನ ಪಕ್ಕದಲ್ಲಿ ನಿಂತು ನೋಡಬೇಕೆಂಬುದು ನನ್ನ ಉದ್ದೇಶ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಸರ್ಕಾರವು ಎಲ್ಲಕ್ಕೂ ಕೈಹಾಕುವುದಕ್ಕಿಂತ ಕೆಲವನ್ನು ಚೆನ್ನಾಗಿ ಮಾಡುವುದು ಲೇಸೆಂಬ ಪಕ್ಷದವನು ನಾನು. ಹಾಗಿರುವುದರಿಂದಲೇ ಈ ಚುನಾವಣೆ ನನ್ನನ್ನು ಕಾಡಿದೆ. ಏಕೆಂದರೆ ನನ್ನ ಒಲವಿಗೆ ಒಪ್ಪುವ ತತ್ತ್ವವೊಂದು ಅಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಜನರ ಮುಂದೆ ನಿಂತಿತು. ನಿಂತದ್ದು ಮಾತ್ರ ಬಹಳ ಕೆಟ್ಟ ಜಾಗದಲ್ಲಿ.

ಅಲ್ಲಿನ ಚುನಾವಣೆಯ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ. ನಮ್ಮ ರಾಷ್ಟ್ರಪತಿಯನ್ನು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ; ಆಡಳಿತದ ಹಗ್ಗ ಇರುವುದು ಪ್ರಧಾನಮಂತ್ರಿಯ ಕೈಯಲ್ಲಿ. ಅಮೆರಿಕದ ಅಧ್ಯಕ್ಷನೇ ಅಲ್ಲಿನ ಆಡಳಿತದ ಮುಖ್ಯಸ್ಥ. ಅವನನ್ನು ಆರಿಸುವ ೫೩೮ ನಿರ್ವಾಚಕರನ್ನು ಸಂಸ್ಥಾನವಾರು ಹಂಚಿದೆ. ಬಹುತೇಕ ಎಲ್ಲೆಡೆಯೂ ಒಂದು ಸಂಸ್ಥಾನದಲ್ಲಿ ಹೆಚ್ಚು ಜನಮತ ಪಡೆದವನಿಗೆ ಅಲ್ಲಿಯ ನಿರ್ವಾಚಕರೆಲ್ಲ ಸಲ್ಲುತ್ತಾರೆ. ಇದಕ್ಕೂ ಮುಂಚೆ ಪಕ್ಷಗಳು ತಮ್ಮ ಹುರಿಯಾಳುಗಳನ್ನು ಮಹಾಸಮಾವೇಶದಲ್ಲಿ ಗೊತ್ತುಮಾಡಬೇಕು. ೧೯೬೪ರಲ್ಲಿ ಆ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳನ್ನು ಕೆಲವೇ ಸಂಸ್ಥಾನಗಳು ‘ಪ್ರೈಮರಿ’ ಎಂಬ ಮೊದಲ ಸುತ್ತಿನ ಮತದಾನದಿಂದ ಆರಿಸುತ್ತಿದ್ದುವು. ಉಳಿದ ಕಡೆಗಳಲ್ಲಿ ಪಕ್ಷದ ಊರಸಭೆ, ಜಿಲ್ಲಾಸಭೆಗಳಲ್ಲಿ ಆಯ್ಕೆ ನಡೆಯುತ್ತಿತ್ತು. ಈ ಸಣ್ಣ ಸಭೆಗಳಿಗೆ ಯಾರೂ ಹೋಗುತ್ತಿರಲಿಲ್ಲವೆಂಬುದೇ ಮುಂದಿನ ಕಥೆಯ ಬೀಜ.

ನಮ್ಮ ಮತದಾರನಿಗೆ ಒಂದು ಹಳೆಯ ಅಸಮಾಧಾನವಿತ್ತು. ರೂಸ್‌ವೆಲ್ಟರು ೧೯೩೩ರಲ್ಲಿ ಅಧಿಕಾರಕ್ಕೆ ಬಂದಂದಿನಿಂದ ಸರ್ಕಾರ ಹಿಗ್ಗುತ್ತಲೇ ಹೋಗಿತ್ತು. ಅದನ್ನು ತಡೆಯಬೇಕಾದ ರಿಪಬ್ಲಿಕನ್ ಪಕ್ಷವು ಪ್ರತಿಸಲವೂ ಪೂರ್ವತೀರದ ಹಣವಂತರೂ ಪತ್ರಿಕೆಗಳೂ ಮೆಚ್ಚುವ ನಡುದಾರಿಯ ಮನುಷ್ಯನನ್ನೇ ನಿಲ್ಲಿಸುತ್ತಿತ್ತು. ೧೯೪೦ರಲ್ಲಿ ವಿಲ್ಕಿ, ೧೯೪೪ರಲ್ಲಿಯೂ ೧೯೪೮ರಲ್ಲಿಯೂ ಡ್ಯೂಯಿ. ಮೂರು ಸಲವೂ ಸೋಲು. ೧೯೫೨ರಲ್ಲಿ ಓಹಾಯೋದ ಸೆನೆಟರ್ ರಾಬರ್ಟ್ ಟಾಫ್ಟರಿಗೆ ಸಲ್ಲಬೇಕೆಂದು ಅವನು ಬಯಸಿದ್ದ ಗೌರವ ಸೇನಾನಿ ಐಸೆನ್‌ಹೋವರರಿಗೆ ಸಂದಿತು. ಐಸೆನ್‌ಹೋವರ್ ಗೆದ್ದರು, ಎಂಟು ವರ್ಷ ಆಳಿದರು. ಆದರೆ ರೂಸ್‌ವೆಲ್ಟರು ಕಟ್ಟಿದುದನ್ನು ಕೆಡವಲಿಲ್ಲ, ವೃದ್ಧಾಪ್ಯ ವೇತನದ ವ್ಯವಸ್ಥೆಯನ್ನು ಇನ್ನಷ್ಟು ಜನಕ್ಕೆ ವಿಸ್ತರಿಸಿದರು. ೧೯೬೦ರಲ್ಲಿ ನಿಕ್ಸನ್ನರು ಸಮಾವೇಶಕ್ಕೆ ಮುಂಚೆ ನ್ಯೂಯಾರ್ಕಿನ ಗವರ್ನರ್ ರಾಕ್‌ಫೆಲ್ಲರರ ಮನೆಗೆ ಹೋಗಿ, ಪಕ್ಷದ ನಿಲುವುಗಳ ಬಗ್ಗೆ ಒಪ್ಪಂದ ಮಾಡಿಕೊಂಡು ಬಂದರು. ಇವನ ಎದೆಯೊಳಗಿದ್ದ ಮಾತು ಇಷ್ಟೆ: ಎರಡು ಅಂಗಡಿಗಳಿದ್ದರೂ ಮಾರುವ ಸರಕು ಒಂದೇ ಆದರೆ ಗಿರಾಕಿಗೆ ಆಯ್ಕೆಯೆಲ್ಲಿ?

ಆ ಆಯ್ಕೆಯನ್ನು ಕೊಡುವೆನೆಂದು ನಿಂತವರು ಅರಿಜೋನದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್. ೧೯೦೯ರಲ್ಲಿ ಫೀನಿಕ್ಸಿನಲ್ಲಿ, ದೊಡ್ಡ ಬಟ್ಟೆಬರೆ ಅಂಗಡಿಯ ಮನೆತನದಲ್ಲಿ ಹುಟ್ಟಿದವರು. ಅವರ ತಾತ ಪೋಲೆಂಡಿನಿಂದ ಬಂದ ಯೆಹೂದಿ. ವಿಮಾನ ಹಾರಿಸುವುದು, ಹವ್ಯಾಸಿ ರೇಡಿಯೋ, ಛಾಯಾಚಿತ್ರ ಇವರ ಹುಚ್ಚುಗಳು. ೧೯೫೨ರಲ್ಲಿ ಸೆನೆಟಿನ ಬಹುಮತದ ನಾಯಕನನ್ನೇ ಸೋಲಿಸಿ ಒಳಕ್ಕೆ ಬಂದರು. ೧೯೬೦ರಲ್ಲಿ ಇವರ ಹೆಸರಿನಲ್ಲಿ ಸಂಪ್ರದಾಯವಾದಿಯ ಅಂತಃಸಾಕ್ಷಿಯನ್ನು ಕುರಿತ ಒಂದು ಸಣ್ಣ ಪುಸ್ತಕ ಹೊರಟಿತು. ಬರೆದ ಕೈ ಬ್ರೆಂಟ್ ಬೋಜೆಲ್ ಎಂಬುವರದಾದರೂ ಮಾತು ಗೋಲ್ಡ್‌ವಾಟರರದೇ. ಕಾಲೇಜು ಹುಡುಗರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಆ ವರ್ಷದ ಷಿಕಾಗೋ ಸಮಾವೇಶದಲ್ಲಿ ಇವರ ಹೆಸರನ್ನು ಸೂಚಿಸಿದಾಗ, ಇವರು ಅದನ್ನು ಹಿಂತೆಗೆದುಕೊಂಡು, ಪಕ್ಷ ಬೇಕಾದರೆ ಮುನಿಸು ಬಿಟ್ಟು ದುಡಿಯಿರಿ ಎಂಬರ್ಥದ ಮಾತನ್ನು ತಮ್ಮ ಬೆಂಬಲಿಗರಿಗೆ ಹೇಳಿದರು.

ಅವರು ದುಡಿದರು. ಈ ಭಾಗವೇ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಕ್ಲಿಫ್ಟನ್ ವೈಟ್ ಎಂಬ ಚತುರ ಸಂಘಟಕರು ೧೯೬೧ರ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ ಇಪ್ಪತ್ತು ಚಿಲ್ಲರೆ ಜನರನ್ನು ಸದ್ದಿಲ್ಲದೆ ಸೇರಿಸಿದರು. ಯಾರೂ ಹೋಗದ ಊರಸಭೆಗಳಿಗೆ ಅವರ ಕಡೆಯವರು ಹೋಗಿ ಕುಳಿತರು. ಗೃಹಿಣಿಯರು, ಸಣ್ಣ ವ್ಯಾಪಾರಿಗಳು, ಇಂಜಿನಿಯರುಗಳು, ಅದುವರೆಗೆ ಯಾವ ಪಕ್ಷದ ಕಚೇರಿಯ ಮೆಟ್ಟಿಲನ್ನೂ ತುಳಿಯದವರು, ಮನೆಮನೆಯ ಬಾಗಿಲು ತಟ್ಟಿದರು. ಪುಡಿಗಾಸಿನ ಚೆಕ್ಕುಗಳು ಅಂಚೆಯಲ್ಲಿ ಬಂದುವು. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ತಮಾಷೆ ಹೇಳಬೇಕು: ಚಿನ್ನದ ಸಂಕೇತ, ನೀರಿನ ಸೂತ್ರ ಎರಡನ್ನೂ ಕೂಡಿಸಿ ‘ಎ-ಯು-ಎಚ್-ಟು-ಓ’ ಎಂದು ಕಾರುಗಳ ಹಿಂದೆ ಅಂಟಿಸಿಕೊಳ್ಳುತ್ತಿದ್ದರು. ಗೋಲ್ಡ್ ಎಂದರೆ ಚಿನ್ನ, ವಾಟರ್ ಎಂದರೆ ನೀರು. ಆಗ ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಿ ಮತದಾನದ ವಯಸ್ಸು ೨೧. ಅದು ದೇಶದಾದ್ಯಂತ ೧೮ಕ್ಕೆ ಇಳಿದದ್ದು ೧೯೭೧ರಲ್ಲಿ. ನಮ್ಮಲ್ಲಿ ಇಳಿದದ್ದು ೧೯೮೯ರಲ್ಲಿ. ಹೀಗಾಗಿ ಗೋಲ್ಡ್‌ವಾಟರರಿಗಾಗಿ ಬೀದಿ ಸುತ್ತಿದ ಎಷ್ಟೋ ಹುಡುಗ ಹುಡುಗಿಯರಿಗೆ ಮತವೇ ಇರಲಿಲ್ಲ. ಅವರಲ್ಲೊಬ್ಬಳು ಇಲಿನಾಯ್ ಸಂಸ್ಥಾನದ ಶಾಲಾಬಾಲಕಿ. ಆಕೆಯೇ ಹಿಲರಿ ಕ್ಲಿಂಟನ್ ಎಂಬ ಹೆಸರಿನಿಂದ ೨೦೧೬ರಲ್ಲಿ ಎದುರು ಪಕ್ಷದ ಅಧ್ಯಕ್ಷ ಹುರಿಯಾಳಾದದ್ದು.

೧೯೬೩ರ ನವೆಂಬರ್ ೨೨ರಂದು ಡಲ್ಲಾಸಿನಲ್ಲಿ ಕೆನೆಡಿಯವರ ಕೊಲೆಯಾಯಿತು. ಕೆನೆಡಿಯವರೂ ತಾವೂ ಊರೂರಿಗೆ ಹೋಗಿ ನೇರವಾಗಿ ವಾದಿಸುವ ಯೋಚನೆಯಿತ್ತೆಂದೂ, ಆ ಸಾವಿನಿಂದ ತಮಗೆ ಸ್ಪರ್ಧೆಯ ಉತ್ಸಾಹವೇ ಹೋಯಿತೆಂದೂ ಗೋಲ್ಡ್‌ವಾಟರ್ ಆಮೇಲೆ ಹೇಳಿಕೊಂಡಿದ್ದಾರೆ. ಒಂದೇ ವರ್ಷದಲ್ಲಿ ಮೂರನೆಯ ಅಧ್ಯಕ್ಷನನ್ನು ಕಾಣಲು ಜನ ಸಿದ್ಧರಿರಲಿಲ್ಲ. ಆದರೂ ನಂಬಿದವರ ಮಾತಿಗೆ ಕಟ್ಟುಬಿದ್ದು ೧೯೬೪ರ ಜನವರಿ ೩ರಂದು ಅವರು ಉಮೇದುವಾರಿಕೆಯನ್ನು ಸಾರಿದರು. ಕಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದ ನೋವಿನಲ್ಲಿಯೇ ನ್ಯೂಹ್ಯಾಂಪ್‌ಷೈರಿನ ಹಿಮದಲ್ಲಿ ಅಲೆದರು. ಅಲ್ಲಿ ಗೆದ್ದದ್ದು ಮಾತ್ರ ಸೈಗಾನಿನಲ್ಲಿ ರಾಯಭಾರಿಯಾಗಿ ಕುಳಿತು ಊರಿಗೇ ಬಾರದ ಹೆನ್ರಿ ಕ್ಯಾಬಟ್ ಲಾಜ್! ಮತಪತ್ರದಲ್ಲಿ ಅವರ ಹೆಸರು ಅಚ್ಚಾಗಿರಲಿಲ್ಲ; ಜನ ಕೈಯಿಂದಲೇ ಬರೆದರು. ಕೊನೆಗೆ ಎಲ್ಲವೂ ಜೂನ್ ೨ರ ಕ್ಯಾಲಿಫೋರ್ನಿಯಾ ಪ್ರೈಮರಿಗೆ ಬಂದು ನಿಂತಿತು. ಎದುರಾಳಿ ರಾಕ್‌ಫೆಲ್ಲರರು ಹೆಂಡತಿಯನ್ನು ಬಿಟ್ಟು ೧೯೬೩ರಲ್ಲಿ ಮತ್ತೊಂದು ಮದುವೆಯಾಗಿದ್ದರು. ಮತದಾನಕ್ಕೆ ಮೂರೇ ದಿನ ಮುಂಚೆ ಹೊಸ ಹೆಂಡತಿಗೆ ಗಂಡುಮಗುವಾಯಿತು, ಮರೆಯಲು ತೊಡಗಿದ್ದ ಜನಕ್ಕೆ ಎಲ್ಲ ಮತ್ತೆ ನೆನಪಾಯಿತು. ಇಪ್ಪತ್ತೊಂದು ಲಕ್ಷಕ್ಕೂ ಮೀರಿದ ಮತಗಳಲ್ಲಿ ಸುಮಾರು ೬೮,೦೦೦ದ ಅಂತರದಿಂದ ಗೋಲ್ಡ್‌ವಾಟರ್ ಗೆದ್ದರು. ಅಲ್ಲಿಗೆ ಪಕ್ಷ ಅವರ ಕೈಗೆ ಬಂತು.

ಇನ್ನು ಹದಿನೇಳೇ ದಿನಗಳಲ್ಲಿ ಬಂದದ್ದು ಈ ಚುನಾವಣೆಯ ಮುಖ್ಯ ಘಟನೆ. ಅದರ ಮುಂದೆ ಸ್ವಲ್ಪ ನಿಲ್ಲಬೇಕು.

ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಕೊಳಾಯಿ, ಬಸ್ಸಿನಲ್ಲಿ ಬೇರೆ ಆಸನ, ಹೋಟೆಲುಗಳಲ್ಲಿ ಪ್ರವೇಶವಿಲ್ಲ. ಈ ಅನ್ಯಾಯವನ್ನು ನಿಲ್ಲಿಸಲು ತಂದ ನಾಗರಿಕ ಹಕ್ಕುಗಳ ಮಸೂದೆಯನ್ನು ಸೆನೆಟ್ಟು ೧೯೬೪ರ ಜೂನ್ ೧೯ರಂದು ೭೩ಕ್ಕೆ ೨೭ ಮತಗಳಿಂದ ಅಂಗೀಕರಿಸಿತು. ರಿಪಬ್ಲಿಕನ್ನರಲ್ಲಿ ೨೭ ಮಂದಿ ಪರ, ಆರು ಮಂದಿ ವಿರುದ್ಧ. ಆ ಆರರಲ್ಲಿ ಗೋಲ್ಡ್‌ವಾಟರ್ ಒಬ್ಬರು. ಪಕ್ಷದ ಸೆನೆಟ್ ನಾಯಕ ಡರ್ಕ್‌ಸನ್ನರೇ ಮಸೂದೆಗೆ ಹೆಗಲು ಕೊಟ್ಟಿದ್ದಾಗ ಪಕ್ಷದ ಮುಂದಿನ ಹುರಿಯಾಳು ಅದರ ವಿರುದ್ಧ ನಿಂತದ್ದು ಸಣ್ಣ ಸಂಗತಿಯಲ್ಲ.

ಅವರನ್ನು ಜನಾಂಗದ್ವೇಷಿ ಎಂದುಬಿಡುವುದು ಸುಲಭ. ಆದರೆ ಅದು ನಿಜವಲ್ಲ. ೧೯೫೭ರ ಮತ್ತು ೧೯೬೦ರ ನಾಗರಿಕ ಹಕ್ಕುಗಳ ಮಸೂದೆಗಳಿಗೆ ಅವರು ಬೆಂಬಲ ಸೂಚಿಸಿದ್ದರು. ಅರಿಜೋನದ ವಾಯುಪಡೆಯ ಮೀಸಲು ದಳದಲ್ಲಿ ಬಣ್ಣದ ಭೇದವನ್ನು ತೆಗೆಯುವುದರಲ್ಲಿ ಅವರ ಕೈಯಿತ್ತು. ೧೯೬೪ರ ಮಸೂದೆಯಲ್ಲಿ ಅವರು ಆಕ್ಷೇಪಿಸಿದ್ದು ಮುಖ್ಯವಾಗಿ ಎರಡು ಭಾಗಗಳನ್ನು: ಹೋಟೆಲು, ಚಿತ್ರಮಂದಿರ ಮೊದಲಾದ ಖಾಸಗಿ ವ್ಯವಹಾರಗಳನ್ನೂ, ಖಾಸಗಿ ಉದ್ಯೋಗಗಳನ್ನೂ ಕುರಿತವು. ತನ್ನ ಅಂಗಡಿಯಲ್ಲಿ ಯಾರಿಗೆ ಮಾರಬೇಕು, ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂದು ವಾಷಿಂಗ್ಟನ್ ಹೇಳುವುದಕ್ಕೆ ಸಂವಿಧಾನದಲ್ಲಿ ಅಧಿಕಾರವಿಲ್ಲ. ಆ ಅಧಿಕಾರವನ್ನು ಜಾರಿಗೆ ತರಲು ಹೊರಟರೆ ಪೋಲೀಸು ರಾಜ್ಯವೇ ಬಂದೀತು: ಇದು ಅವರ ವಾದ. ನಮ್ಮ ಮತದಾರನೂ ಇದನ್ನೇ ಹೇಳಿಕೊಂಡು ಸಮಾಧಾನಪಟ್ಟಿರಬೇಕು.

ನ್ಯಾಯವಾದದ ದೃಷ್ಟಿಯಿಂದ ಇದು ಹೆಚ್ಚು ಕಾಲ ನಿಲ್ಲಲಿಲ್ಲ. ಚುನಾವಣೆ ಮುಗಿದು ಆರು ವಾರಗಳಾಗುವುದರೊಳಗೆ, ಅಟ್ಲಾಂಟದ ಹೋಟೆಲೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಒಮ್ಮತದಿಂದ ಎತ್ತಿಹಿಡಿಯಿತು. ಆದರೆ ನನ್ನ ಆಕ್ಷೇಪಣೆ ಕೋರ್ಟಿನದಲ್ಲ, ಸಂಪ್ರದಾಯವಾದಿಯದೇ. ದಕ್ಷಿಣದ ಬಣ್ಣಭೇದ ಬರಿಯ ರೂಢಿಯಾಗಿರಲಿಲ್ಲ. ಅದು ಸಂಸ್ಥಾನ ಸರ್ಕಾರಗಳು ಬರೆದ ಕಾನೂನು. ಕಪ್ಪು ಮನುಷ್ಯನ ಪಕ್ಕದಲ್ಲಿ ಕುಳಿತು ಊಟ ಮಾಡಲು ಒಪ್ಪುವ ಬಿಳಿಯ ಹೋಟೆಲುಗಾರನಿಗೂ ಎಷ್ಟೋ ಕಡೆ ಅದು ಸ್ವಾತಂತ್ರ್ಯ ಕೊಡುತ್ತಿರಲಿಲ್ಲ. ೧೯೬೩ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಶಾಲೆಯ ಮಕ್ಕಳ ಮೇಲೆ ನಾಯಿ ಬಿಟ್ಟವರು, ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹೊಡೆದವರು ಖಾಸಗಿ ಜನರಲ್ಲ, ಸರ್ಕಾರದ ಪೋಲೀಸರು, ಸರ್ಕಾರದ ಅಗ್ನಿಶಾಮಕ ದಳದವರು. ಸರ್ಕಾರದ ಉದ್ದನೆಯ ಕೈಗೆ ಹೆದರುವವನು ಅಲಬಾಮದ ಕೈಗೆ ಏಕೆ ಹೆದರಬಾರದು? ಕೈ ವಾಷಿಂಗ್ಟನ್ನಿನದಾದರೆ ದಬ್ಬಾಳಿಕೆ, ಮಾಂಟ್‌ಗೊಮರಿಯದಾದರೆ ಸ್ಥಳೀಯ ಸ್ವಾತಂತ್ರ್ಯ ಎನ್ನುವುದು ತತ್ತ್ವವಲ್ಲ, ಲೆಕ್ಕದ ತಪ್ಪು. ಗೋಲ್ಡ್‌ವಾಟರರ ಮತ ಬಿದ್ದ ಎರಡೇ ದಿನಗಳಲ್ಲಿ ಮಿಸ್ಸಿಸ್ಸಿಪ್ಪಿಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸದಲ್ಲಿದ್ದ ಮೂವರು ಯುವಕರ ಕೊಲೆಯಾಯಿತು. ಕೊಲೆಗಾರರ ಗುಂಪಿನಲ್ಲಿ ಸ್ಥಳೀಯ ಪೋಲೀಸು ಅಧಿಕಾರಿಯೂ ಇದ್ದ.

ಜುಲೈ ತಿಂಗಳ ಸಮಾವೇಶ ಸಾನ್‌ಫ್ರಾನ್ಸಿಸ್ಕೋದ ಹೊರವಲಯದ ‘ಕೌ ಪ್ಯಾಲೆಸ್’ ಎಂಬ ಭವನದಲ್ಲಿ. ದನಗಳ ಪ್ರದರ್ಶನಕ್ಕೆಂದು ಕಟ್ಟಿದ್ದು. ಆ ವಾರ ನಡೆದುದನ್ನು ನೋಡಿದವರು ಹೆಸರು ಒಪ್ಪುತ್ತದೆಂದು ನಕ್ಕರೆ ತಪ್ಪಲ್ಲ. ಉಗ್ರಗಾಮಿ ಗುಂಪುಗಳನ್ನು ಖಂಡಿಸಬೇಕೆಂದು ರಾಕ್‌ಫೆಲ್ಲರರು ಮಾತನಾಡಲು ನಿಂತಾಗ ಸಭೆ ಅವರಿಗೆ ಮಾತಾಡಗೊಡದೆ ಕೂಗಿಹಾಕಿತು. ಬೇಸ್‌ಬಾಲ್ ಆಟದ ಮಹಾವೀರ ಜ್ಯಾಕಿ ರಾಬಿನ್ಸನ್, ಕಪ್ಪು ಜನಾಂಗದ ಪ್ರಸಿದ್ಧ ರಿಪಬ್ಲಿಕನ್, ರಾಕ್‌ಫೆಲ್ಲರರ ಕಡೆಯವರಾಗಿ ಅಲ್ಲಿದ್ದರು. ಹಿಟ್ಲರನ ಜರ್ಮನಿಯಲ್ಲಿ ಯೆಹೂದಿಗೆ ಹೇಗಿತ್ತೆಂಬುದು ತಮಗೀಗ ತಿಳಿಯಿತೆಂಬ ಮಾತು ಹೇಳಿ ಜಾನ್ಸನ್ನರ ಪರ ಹೋದರು. ೧೩೦೮ ಮತಗಳಲ್ಲಿ ೮೮೩ನ್ನು ಮೊದಲ ಸುತ್ತಿನಲ್ಲಿಯೇ ಪಡೆದು ಗೋಲ್ಡ್‌ವಾಟರ್ ಹುರಿಯಾಳಾದರು. ಗೆದ್ದವನು ಸೋತವನ ಹೆಗಲ ಮೇಲೆ ಕೈಯಿಡುವ ಹೊತ್ತು ಅದು. ಇವರೋ ಸ್ವಾತಂತ್ರ್ಯವನ್ನು ಕಾಪಾಡುವಲ್ಲಿ ಅತಿಗೆ ಹೋಗುವುದು ದೋಷವಲ್ಲ, ನ್ಯಾಯವನ್ನು ಅರಸುವಲ್ಲಿ ಮಿತವಾಗಿರುವುದು ಗುಣವಲ್ಲ ಎಂಬರ್ಥದ ಮಾತನ್ನಾಡಿ ಉರಿಯುವ ಒಲೆಗೆ ಇನ್ನೊಂದು ಕೊರಡನ್ನು ಒಟ್ಟಿದರು. ಮಾತು ತರ್ಕಕ್ಕೆ ಸರಿಯಿರಬಹುದು. ಹೇಳಿದ ಸಂದರ್ಭ ಅದನ್ನು ಕೆಡಿಸಿತು.

ಶರತ್ಕಾಲದ ಪ್ರಚಾರವನ್ನು ಬೇಗನೆ ಹೇಳಿ ಮುಗಿಸಬಹುದು, ಏಕೆಂದರೆ ಅದು ಪ್ರಚಾರಕ್ಕಿಂತ ಹೆಚ್ಚಾಗಿ ಬೇಟೆ. ಗೋಲ್ಡ್‌ವಾಟರರ ಬಾಯಿ ಅವರ ಮೊದಲ ಶತ್ರು. ವೃದ್ಧಾಪ್ಯ ವೇತನದ ವಿಮೆಯನ್ನು ಇಷ್ಟವಿದ್ದವರಿಗೆ ಮಾತ್ರ ಎಂದು ಮಾಡಬಹುದೆಂದಿದ್ದರು, ಮುದುಕರು ಬೆದರಿದರು. ಟೆನೆಸ್ಸೀ ಕಣಿವೆಯ ಸರ್ಕಾರಿ ಯೋಜನೆಯನ್ನು, ಅಂದರೆ ನಮ್ಮ ದಾಮೋದರ ಕಣಿವೆಯ ಸಂಸ್ಥೆಗೆ ಮಾದರಿಯಾದುದನ್ನು, ಮಾರಬೇಕೆಂದಿದ್ದರು; ಟೆನೆಸ್ಸೀ ಕೈಬಿಟ್ಟುಹೋಯಿತು. ಅವರ ಘೋಷವಾಕ್ಯ, ಹೃದಯದಲ್ಲಿ ನಿಮಗೆ ಗೊತ್ತು ಅವರು ಹೇಳುವುದು ಸರಿಯೆಂದು. ಎದುರಿನವರು, ಹೊಟ್ಟೆಯೊಳಗೆ ನಿಮಗೆ ಗೊತ್ತು ಅವರಿಗೆ ತಲೆ ಸರಿಯಿಲ್ಲವೆಂದು ಎಂದು ಅದನ್ನು ತಿರುಚಿದರು. ಸೆಪ್ಟೆಂಬರ್ ೭ರಂದು ಡೆಮಾಕ್ರಟಿಕ್ ಪಕ್ಷವು ಟೆಲಿವಿಷನ್ನಿನಲ್ಲಿ ಒಂದು ನಿಮಿಷದ ಜಾಹೀರಾತು ಹಾಕಿತು: ಹೂವಿನ ದಳಗಳನ್ನು ಎಣಿಸುವ ಒಂದು ಪುಟ್ಟ ಹುಡುಗಿ, ಆ ಎಣಿಕೆಯೇ ಬಾಂಬಿನ ಎಣಿಕೆಯಾಗಿ, ಅಣುಸ್ಫೋಟ. ಅದರಲ್ಲಿ ಗೋಲ್ಡ್‌ವಾಟರರ ಹೆಸರೇ ಇಲ್ಲ. ಹಣ ಕೊಟ್ಟು ತೋರಿಸಿದ್ದು ಒಂದೇ ಸಲ. ಆಮೇಲೆ ಸುದ್ದಿಯವರೇ ಅದನ್ನು ಬಿತ್ತರಿಸಿದರು. ‘ಫ್ಯಾಕ್ಟ್’ ಎಂಬ ಪತ್ರಿಕೆ ೧೨,೩೫೬ ಮನೋವೈದ್ಯರಿಗೆ ಪ್ರಶ್ನೆ ಕಳಿಸಿ, ಉತ್ತರಿಸಿದ ೨,೪೧೭ ಜನರಲ್ಲಿ ೧,೧೮೯ ಮಂದಿ ಈ ಮನುಷ್ಯ ಅಧ್ಯಕ್ಷಪದವಿಗೆ ಮಾನಸಿಕವಾಗಿ ಅನರ್ಹನೆಂದರೆಂದು ಸಾರಿತು. ಅವರಲ್ಲಿ ಒಬ್ಬರೂ ಅವರನ್ನು ಪರೀಕ್ಷಿಸಿರಲಿಲ್ಲ! ಗೋಲ್ಡ್‌ವಾಟರ್ ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದರು. ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸಿನ ಬಗ್ಗೆ ಮನೋವೈದ್ಯನು ಬಹಿರಂಗವಾಗಿ ತೀರ್ಪು ಕೊಡಬಾರದೆಂಬ ಅಲ್ಲಿನ ವೃತ್ತಿನಿಯಮಕ್ಕೆ ಇಂದಿಗೂ ಇವರ ಹೆಸರೇ ಇದೆ. ವಿದ್ವಾಂಸರು ಗುಂಪಾಗಿ ಹೇಳಿದ ಮಾತ್ರಕ್ಕೆ ಮಾತು ವಿದ್ಯೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಸೋಲು ಎಲ್ಲರಿಗೂ ಗೊತ್ತಿತ್ತು. ಸಂಪ್ರದಾಯವಾದಿಗಳ ಮುಖ್ಯ ಲೇಖಕ ವಿಲಿಯಂ ಬಕ್ಲಿಯವರು ಸೆಪ್ಟೆಂಬರಿನಲ್ಲಿ ತಮ್ಮದೇ ಯುವಕರ ಸಭೆಯಲ್ಲಿ ನಿಂತು, ನಾವು ಸೋಲುತ್ತೇವೆ, ಸೋತ ಮೇಲಿನ ಕೆಲಸಕ್ಕೆ ಸಿದ್ಧರಾಗಿ ಎಂದು ಹೇಳಿದಾಗ ಕೆಲವರ ಕಣ್ಣಲ್ಲಿ ನೀರು ಬಂತಂತೆ. ಅಕ್ಟೋಬರ್ ೨೭ರ ರಾತ್ರಿ ಹಳೆಯ ಸಿನಿಮಾ ನಟರೊಬ್ಬರು ಟೆಲಿವಿಷನ್ನಿನಲ್ಲಿ ಅರ್ಧ ಗಂಟೆ ಗೋಲ್ಡ್‌ವಾಟರರ ಪರವಾಗಿ ಮಾತನಾಡಿದರು. ಅದೇ ತತ್ತ್ವವನ್ನು ನಗುಮುಖದಿಂದ ಹೇಳಬಹುದೆಂಬುದು ಜನಕ್ಕೆ ಆಗ ತಿಳಿಯಿತು. ಆ ನಟರು ರೊನಾಲ್ಡ್ ರೇಗನ್.

ಈ ಕೊನೆಯ ವಾರಗಳಲ್ಲಿ ಗೋಲ್ಡ್‌ವಾಟರರ ನಡತೆಯಲ್ಲಿ ಎರಡು ಸಂಗತಿಗಳು ಗಮನಕ್ಕೆ ಅರ್ಹವಾದುವು. ಜಾನ್ಸನ್ನರ ಆಪ್ತ ಸಹಾಯಕರೊಬ್ಬರು ನಡತೆಗೆ ಸಂಬಂಧಿಸಿದ ಅಪವಾದವೊಂದರಲ್ಲಿ ಬಂಧಿತರಾದಾಗ, ಅದನ್ನು ಪ್ರಚಾರಕ್ಕೆ ಬಳಸಲು ಅವರು ಒಪ್ಪಲಿಲ್ಲ. ಅವರ ಬೆಂಬಲಿಗರೇ ನಗರಗಳ ದೊಂಬಿ, ಕಪ್ಪು ಜನ, ಬೆತ್ತಲೆ ಕುಣಿತಗಳನ್ನೆಲ್ಲ ಹೆಣೆದು ಒಂದು ಚಿತ್ರ ತಯಾರಿಸಿ ತೋರಿಸಲು ಹೊರಟಾಗ, ಅದು ಜನಾಂಗದ್ವೇಷದ ಚಿತ್ರವೆಂದು ಹೇಳಿ ನಿಲ್ಲಿಸಿದರು. ಮತಕ್ಕಾಗಿ ಏನನ್ನಾದರೂ ಮಾಡುವ ಮನುಷ್ಯರಲ್ಲ. ಇದರಿಂದಲೇ ಜೂನ್ ೧೯ರ ಮತ ಇನ್ನಷ್ಟು ದುಃಖಕರವಾಗುತ್ತದೆ. ಅದನ್ನು ಅವರು ಮತದ ಆಸೆಗಾಗಿ ಮಾಡಿದ್ದಲ್ಲ, ಸರಿಯೆಂದು ನಂಬಿ ಮಾಡಿದ್ದು.

ನವೆಂಬರ್ ೩ರ ಫಲಿತಾಂಶ: ಜಾನ್ಸನ್ನರಿಗೆ ೪೩೧ ಲಕ್ಷ, ಗೋಲ್ಡ್‌ವಾಟರರಿಗೆ ೨೭೨ ಲಕ್ಷ ಜನಮತ, ನಿರ್ವಾಚಕರ ಮತ ೪೮೬ಕ್ಕೆ ೫೨. ಗೋಲ್ಡ್‌ವಾಟರ್ ಗೆದ್ದದ್ದು ಆರು ಸಂಸ್ಥಾನಗಳನ್ನು. ತಮ್ಮ ಸ್ವಂತ ಅರಿಜೋನ ಒಂದು. ಉಳಿದ ಐದು ಅಲಬಾಮ, ಜಾರ್ಜಿಯಾ, ಲೂಯಿಸಿಯಾನ, ಮಿಸ್ಸಿಸ್ಸಿಪ್ಪಿ, ದಕ್ಷಿಣ ಕೆರೊಲಿನ. ಮಿಸ್ಸಿಸ್ಸಿಪ್ಪಿಯಲ್ಲಿ ನೂರಕ್ಕೆ ೮೭ ಮತಗಳು ಅವರಿಗೆ ಬಿದ್ದುವು. ಈ ಅಂಕಿಯನ್ನು ಓದುವಾಗ ಇನ್ನೊಂದನ್ನೂ ಜೊತೆಗಿಟ್ಟುಕೊಳ್ಳಬೇಕು: ಆ ವರ್ಷ ಮಿಸ್ಸಿಸ್ಸಿಪ್ಪಿಯ ವಯಸ್ಕ ಕಪ್ಪು ಜನರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಏಳು ಮಂದಿಯೂ ಇಲ್ಲ. ಇಂಡಿಯಾನದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ತೆರಿಗೆ, ಸಂವಿಧಾನಗಳನ್ನು ಯೋಚಿಸಿ ಪ್ರಾಮಾಣಿಕವಾಗಿ ಮತ ಕೊಟ್ಟವನ ಚೀಟಿಯೂ, ಮಿಸ್ಸಿಸ್ಸಿಪ್ಪಿಯಲ್ಲಿ ನೆರೆಯವನ ಮತದ ಹಕ್ಕನ್ನು ಕಸಿದುಕೊಂಡು ಕೊಟ್ಟವನ ಚೀಟಿಯೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಹೆಸರಿನ ಕೆಳಗೆ ಲೆಕ್ಕಕ್ಕೆ ಬಂದುವು. ಮತಚೀಟಿಯಲ್ಲಿ ಕಾರಣ ಬರೆಯುವುದಕ್ಕೆ ಸ್ಥಳವಿಲ್ಲವಷ್ಟೆ.

ಹಾಗಾದರೆ ಆ ೨೭೨ ಲಕ್ಷ ಮತಗಳಿಂದ ಏನಾಯಿತು? ಮೊದಲ ಫಲ ಕಹಿಯಾದುದು. ಜಾನ್ಸನ್ನರ ಜೊತೆಗೆ ಅವರ ಪಕ್ಷದವರೂ ಹಿಂಡು ಹಿಂಡಾಗಿ ಗೆದ್ದುದರಿಂದ, ಪ್ರತಿನಿಧಿ ಸಭೆಯಲ್ಲಿ ೨೯೫, ಸೆನೆಟಿನಲ್ಲಿ ೬೮ ಸ್ಥಾನಗಳು ಡೆಮಾಕ್ರಟರ ಪಾಲಾದುವು. ಸರ್ಕಾರವನ್ನು ಕುಗ್ಗಿಸಬೇಕೆಂದು ಕೊಟ್ಟ ಮತದ ಬೆನ್ನಿಗೆ ೧೯೬೫ರಲ್ಲಿ ಮುದುಕರ ವೈದ್ಯಕೀಯ ವಿಮೆ ಮೊದಲಾಗಿ ರೂಸ್‌ವೆಲ್ಟರ ಕಾಲದ ತರುವಾಯ ಕಾಣದಷ್ಟು ಹೊಸ ಸರ್ಕಾರಿ ಯೋಜನೆಗಳು ಬಂದುವು. ಯುದ್ಧ ಬೇಡವೆಂದು ಜಾನ್ಸನ್ನರಿಗೆ ಮತ ಕೊಟ್ಟವರ ಪಾಡೂ ಹೆಚ್ಚೇನಲ್ಲ; ೧೯೬೫ರ ಮಾರ್ಚಿನಲ್ಲಿ ಅಮೆರಿಕದ ಪಡೆ ವಿಯೆಟ್ನಾಮಿನ ದನಾಂಗಿನಲ್ಲಿ ಇಳಿಯಿತು. ಗೋಲ್ಡ್‌ವಾಟರರಿಗೆ ಮತ ಕೊಟ್ಟರೆ ಯುದ್ಧವಾಗುತ್ತದೆ ಎಂದರು, ನಾನು ಕೊಟ್ಟೆ, ಆಯಿತು ನೋಡಿ, ಎಂಬ ನಗೆಮಾತು ಆಗ ಅಲ್ಲಿ ಓಡಾಡುತ್ತಿತ್ತು.

ಎರಡನೆಯ ಫಲ ನಿಧಾನವಾಗಿ ಬಂತು. ಊರಸಭೆಗಳಲ್ಲಿ ಕುಳಿತವರು ಎದ್ದುಹೋಗಲಿಲ್ಲ. ೧೯೬೬ರಲ್ಲಿ ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ನರು ೪೭ ಸ್ಥಾನಗಳನ್ನು ಮರಳಿ ಪಡೆದರು. ಅದೇ ವರ್ಷ ರೇಗನ್ ಕ್ಯಾಲಿಫೋರ್ನಿಯಾದ ಗವರ್ನರಾಗಿ ಆಯ್ಕೆಯಾದರು. ೧೯೭೬ರಲ್ಲಿ ಅಧ್ಯಕ್ಷ ಫೋರ್ಡರನ್ನೇ ಪಕ್ಷದೊಳಗೆ ಎದುರಿಸಿ ಸ್ವಲ್ಪದರಲ್ಲಿ ಸೋತು, ೧೯೮೦ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗೋಲ್ಡ್‌ವಾಟರರಿಗೆ ಮೊದಲ ಮತ ಕೊಟ್ಟವನಿಗೆ ಆಗ ಮೂವತ್ತೇಳು. ಹದಿನಾರು ವರ್ಷ ಕಾಯುವುದು ರಾಜಕೀಯದಲ್ಲಿ ದೊಡ್ಡದೇನಲ್ಲ.

ಮೂರನೆಯದನ್ನು ಸಂಪ್ರದಾಯವಾದಿಗಳು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಲಿಂಕನ್ನರ ಪಕ್ಷವೆಂದು ೧೯೬೦ರಲ್ಲಿಯೂ ಕಪ್ಪು ಮತದಾರರಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನ ರಿಪಬ್ಲಿಕನ್ನರ ಕಡೆಗಿದ್ದರು. ೧೯೬೪ರಲ್ಲಿ ಅದು ನೂರಕ್ಕೆ ಆರರ ಆಸುಪಾಸಿಗೆ ಬಿತ್ತು. ಇಷ್ಟು ವರ್ಷಗಳಾದರೂ ಪಕ್ಷಕ್ಕೆ ಆ ಹಳೆಯ ಪಾಲು ಮರಳಿ ದೊರೆತಿಲ್ಲ. ಚರ್ಚಿಗೆ ಹೋಗುವ, ಸಂಸಾರವನ್ನು ನಂಬುವ, ಸ್ವಂತ ಅಂಗಡಿ ಇಡಬೇಕೆನ್ನುವ ಲಕ್ಷಾಂತರ ಕಪ್ಪು ಜನ ಸ್ವಭಾವದಿಂದ ಈ ಪಕ್ಷಕ್ಕೆ ಬರಬೇಕಾದವರೇ. ಆದರೆ ಅವರು ಬಾಗಿಲಿಗೆ ಬಂದ ದಿನ ಒಳಗಿದ್ದವರು ಸಂವಿಧಾನದ ಪುಟ ತಿರುವುತ್ತಿದ್ದರು.

ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಮಿತ್ರರು ಕೇಳಬಹುದು. ಜೂನ್ ೧೮ರವರೆಗೆ ನಾನೂ ಬಾಗಿಲು ತಟ್ಟುವವರ ಜೊತ��ಯಲ್ಲಿರುತ್ತಿದ್ದೆನೆಂದು ತೋರುತ್ತದೆ. ಜೂನ್ ೧೯ರ ತರುವಾಯ ಕೈ ಬರುತ್ತಿರಲಿಲ್ಲ. ಹಾಗೆಂದು ಜಾನ್ಸನ್ನರಿಗೂ ಕೊಡುತ್ತಿರಲಿಲ್ಲ. ಅಮೆರಿಕದ ಮತಪತ್ರದಲ್ಲಿ ಅಧ್ಯಕ್ಷನಿಂದ ಹಿಡಿದು ಗವರ್ನರ್, ಸೆನೆಟರ್, ಜಿಲ್ಲೆಯ ಅಧಿಕಾರಿಗಳವರೆಗೆ ಒಂದೊಂದು ಹುದ್ದೆಗೂ ಬೇರೆ ಬೇರೆ ಗುರುತು ಹಾಕಬಹುದು; ಒಂದನ್ನು ಖಾಲಿ ಬಿಟ್ಟು ಉಳಿದುದಕ್ಕೆ ಹಾಕಬಹುದು. ಆ ವರ್ಷ ಮಿಷಿಗನ್ನಿನಲ್ಲಿ ಜಾನ್ಸನ್ನರಿಗೆ ಮೂರರಲ್ಲಿ ಎರಡು ಪಾಲು ಮತಗಳು ಬಿದ್ದರೂ, ಗೋಲ್ಡ್‌ವಾಟರರನ್ನು ಅನುಮೋದಿಸದೆ ನಿಂತ ರಿಪಬ್ಲಿಕನ್ ಗವರ್ನರ್ ಜಾರ್ಜ್ ರಾಮ್ನಿಯವರು ಗೆದ್ದುಬಂದದ್ದು ಹೀಗೆ ಗುರುತು ಹಾಕಿದವರಿಂದಲೇ. ನಾನೂ ಮೇಲಿನ ಸಾಲನ್ನು ಖಾಲಿ ಬಿಟ್ಟು ಕೆಳಗಿನ ಸಾಲುಗಳಲ್ಲಿ ನನ್ನ ಪಕ್ಷಕ್ಕೆ ಗುರುತು ಹಾಕಿ ಬರುತ್ತಿದ್ದೆ. ಅರಿಜೋನದಲ್ಲಿ ಗೋಲ್ಡ್‌ವಾಟರ್ ಗೆದ್ದದ್ದು ೪,೭೮೨ ಮತಗಳಿಂದ. ಅವರ ಸ್ವಂತ ಊರಿನವರಲ್ಲಿಯೇ ಇನ್ನೊಂದು ಐದು ಸಾವಿರ ಜನ ಹೀಗೆ ಮೇಲಿನ ಸಾಲನ್ನು ಖಾಲಿ ಬಿಟ್ಟಿದ್ದರೆ, ಅವರಿಗೆ ಉಳಿಯುತ್ತಿದ್ದುದು ಆ ಐದು ಸಂಸ್ಥಾನಗಳು ಮಾತ್ರ.